ಮಾಗಿಯ ಬಿಸಿಲಿಗೊಂದು ಹೆಸರು

ಹೆಸ್ಟರ್‌ಳ ಮನೆಗೆ ಹೆಸರಿರಲಿಲ್ಲ. ಪಕ್ಕದ ಮನೆಯ ಆಂಬ್ರೋಸನ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಹ್ಯಾಗ್‌ಥಾರ್ಪ್ ಎಂಬ ಆ ಇಂಗ್ಲಿಷ್ ಹಳ್ಳಿಯಲ್ಲಿ ಹೆಸರಿಲ್ಲದ ಮನೆಯೆಂದರೆ ಬಾಲವಿಲ್ಲದ ನಾಯಿ ಇದ್ದ ಹಾಗೆ. ಅವತ್ತು ಬೆಳಿಗ್ಗೆ ಬೇಲಿಯಾಚೆಯಿಂದ ಹೆಸ್ಟರ್, "ಹೆಸರುಗಳ ಕುಲಗೋತ್ರ ಎಲ್ಲಾ ನಿಮಗೇ ತಾನೇ ಗೊತ್ತಿರೋದು? ನನ್ನ ಮನೆಗೂ ಒಂದು ಹುಡುಕಿಕೊಡಿ. ಮಧ್ಯಾಹ್ನ ಚಹಾಕ್ಕೆ ಬನ್ನಿ" ಎಂದಳು.

ಆಂಬ್ರೋಸ್ ಹಿಗ್ಗಿಹೋದ. ಅವಳ ತಂಗಿ ಬಿಸಿಲಿನ ನಾಡಾದ ಪೋರ್ಚುಗಲ್ಲಿಗೆ ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಮನೆಗೊಂದು ಹೆಸರಾದರೆ ಹೆಸ್ಟರ್ ಇಲ್ಲೇ ಬೇರು ಬಿಟ್ಟಾಳು! ಹಿಂದೊಮ್ಮೆ ಅವಳ ಹೆಸರಿಗೆ ನಕ್ಷತ್ರವೆಂಬ ಅರ್ಥವಿದೆ ಎಂದು ಹೇಳಿದ್ದ. ಮನಸ್ಸಿನ ಮಾತು ಹೇಳುವ ಬದಲು ಮಳೆಯ ಸುದ್ದಿ ತೆಗೆದು ಮನೆಗೆ ಬಂದಿದ್ದ.

ಓಕ್ ಹಲಗೆಯ ಮೇಲೆ ಉಳಿಯಿಂದ 'ಏಪ್ರಿಸಿಟಿ' ಎಂದು ಕೆತ್ತತೊಡಗಿದ. ಚಳಿಗಾಲದಲ್ಲಿ ಮೈಗೆ ತಾಕುವ ಬಿಸಿಲಿನ ಬಿಸುಪು; ಲ್ಯಾಟಿನ್ನಿನಿಂದ ಬಂದು ಜನ ಮರೆತೇಬಿಟ್ಟ ಪದ. ಅವಳನ್ನು ಕಂಡಾಗಲೆಲ್ಲ ಅವನಿಗಾಗುತ್ತಿದ್ದದ್ದು ಅದೇ. ಅರ್ಥ ಕೇಳಿಯೇ ಕೇಳುತ್ತಾಳೆ, ಆಗ 'ಅದು ನೀವೇ' ಎಂದುಬಿಡುವುದು.

ಪಬ್ಬಿನ ಸಿರಿಲ್ ಬಗ್ಗಿ ನೋಡಿದ. "ಏನಯ್ಯಾ ಇದು, ಕೆಮ್ಮಿನ ಔಷಧಾನಾ?" ಸಿರಿಲ್ ಎಂದರೆ ಒಡೆಯ ಎಂದು ಆಂಬ್ರೋಸ್ ಹಿಂದೊಮ್ಮೆ ಹೇಳಿದ ಮೇಲೆ ಆ ಮಹಾಶಯ ಒಂದು ಲೋಟ ತೊಳೆದವನಲ್ಲ.

ಇನ್ನೊಂದು ಪಕ್ಕದ ಮನೆಯ ಮಿಸೆಸ್ ಒಕ್ಕೆಂಡನ್ ಹಾಜರಾದಳು. "ಸುಮ್ನೆ ರೋಸ್ ಕಾಟೇಜ್ ಅಂತ ಬರಿ."

"ಅಲ್ಲಿ ಗುಲಾಬಿ ಗಿಡವೇ ಇಲ್ವಲ್ಲಮ್ಮ?"

"ನಮ್ಮನೆ ಹೆಸರು ಸೀ ವ್ಯೂ. ಇಲ್ಲೆಲ್ಲಿದೆಯಪ್ಪಾ ಸಮುದ್ರ?" ಎನ್ನುತ್ತ ಆಕೆ ಹಲಗೆ ಎಳೆದಳು. ಉಳಿ ಜಾರಿ ಆಂಬ್ರೋಸನ ಹೆಬ್ಬೆರಳಿಗೆ ನಾಟಿತು.

ಕೈಗೆ ಬಟ್ಟೆ ಸುತ್ತಿಕೊಂಡು, ಜಿನುಗು ಮಳೆಯಲ್ಲೇ ಹಲಗೆ ಹೊತ್ತು ಹೋದ. ಹೆಸ್ಟರ್ ಅರ್ಥ ಕೇಳಿದಳು. ಹೇಳಿದ. "ಅದು..." ಎಂದು ಮುಂದುವರಿಸುವಷ್ಟರಲ್ಲಿ ಅವಳು ಕಿಟಕಿಯತ್ತ ತಿರುಗಿದ್ದಳು.

"ಅಯ್ಯೋ, ಚಳಿಗಾಲದ ಬಿಸಿಲಿಗೆ ಅಂತಲೇ ಬೇರೆ ಪದ ಮಾಡ್ಕೊಂಡು ಕೂತಿದಾರಲ್ಲ ನಮ್ಮ ಜನ! ಅಂದ್ರೆ ಅದು ಇಲ್ಲಿ ಎಷ್ಟು ಅಪರೂಪ ನೋಡಿ. ಹೋಗಲೋ ಬೇಡವೋ ಅಂತಿದ್ದೆ, ಕಣ್ಣು ತೆರೆಸಿದ್ರಿ ಆಂಬ್ರೋಸ್. ತಂಗಿ ಹತ್ರ ಹೊರಟೇಬಿಡ್ತೀನಿ. ಹಲಗೆ ನೀವೇ ಇಟ್ಕೊಳ್ಳಿ, ಈ ಚಳೀಲಿ ಇರೋ ನಿಮಗೇ ಬೇಕಾಗುತ್ತೆ."

ಚಹಾ ಕುಡಿದದ್ದು ಅವನಿಗೆ ನೆನಪಿಲ್ಲ. ಗೇಟಿನ ಬಳಿ ಮಿಸೆಸ್ ಒಕ್ಕೆಂಡನ್ ಕಾದಿದ್ದಳು. ಹೆಸ್ಟರ್ ಹೊರಟಳೆಂದು ಆಂಬ್ರೋಸ್ ಹೇಳಿದ.

"ಬಡ್ಕೊಂಡೆ, ರೋಸ್ ಕಾಟೇಜ್ ಅಂತ ಬರಿ ಅಂತ. ಗುಲಾಬಿ ನೆಡೋಕಾದ್ರೂ ಉಳೀತಿದ್ಲು."

ಆಂಬ್ರೋಸ್ ಹಲಗೆಯನ್ನು ಎದೆಗವಚಿಕೊಂಡು ತನ್ನ ಮೆಟ್ಟಿಲ ಮೇಲೆ ಕೂತ. ಆಗ ಮೋಡ ಸರಿದು ಒಂದಿಷ್ಟು ಬಿಸಿಲು ಬಂತು. ಅದಕ್ಕೇನೆನ್ನುತ್ತಾರೆ ಎಂಬುದು ಊರಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಬೇಲಿಯಾಚೆಯ ಮನೆಯೊಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು.