ಇಂಗು ಹಾಕಿ ಮೀನು ಹಿಡಿಯುವ ಡಾಕ್ಟರು

ನಮ್ಮ ಡಾಕ್ಟರ್ ಅಂಕಲ್‌ಗೆ ಹುಚ್ಚು ಎಂದು ನಾನು ಹೇಳುತ್ತಿಲ್ಲ. ಹೇಳುವವರು ಅವರ ಹೆಂಡತಿ. ಅದೂ ಮೆಲ್ಲಗಲ್ಲ, ಟೆಕ್ಸಸ್ಸಿನ ಲಿಟಲ್ ಎಲ್ಮ್ ಊರಿನ ನಮ್ಮ ಇಡೀ ಬೀದಿಗೆ ಕೇಳುವಂತೆ!

ವಿಷಯ ಇಷ್ಟೇ. ಅಂಕಲ್ ಧಾರವಾಡದ ಕಡೆಯವರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಕಟ್ಟಾ ಸಸ್ಯಾಹಾರಿ. ಅರಿವಳಿಕೆ ವೈದ್ಯರಾಗಿ ಜೀವಮಾನವಿಡೀ ಜನರನ್ನು ನಿದ್ದೆ ಮಾಡಿಸಿ ನಿವೃತ್ತರಾದವರು. ಇಂಥವರು ಬೆಳಗಾದರೆ ಸಾಕು, ಗಾಳ ಹಿಡಿದು ಕೆರೆಯ ದಂಡೆಗೆ ಹೊರಡುತ್ತಾರೆ. ಚಾನೆಲ್ ಕ್ಯಾಟ್‌ಫಿಶ್ ಹಿಡಿಯಲು! ಬೆಕ್ಕಿನ ಹಾಗೆ ಮೀಸೆ ಬಿಟ್ಟುಕೊಂಡ, ಕವಲು ಬಾಲದ ನುಣುಪು ಮೀನದು. ಹಿಡಿಯುತ್ತಾರೆ, ಯೋಗಕ್ಷೇಮ ವಿಚಾರಿಸುತ್ತಾರೆ, ಮತ್ತೆ ನೀರಿಗೆ ಬಿಡುತ್ತಾರೆ.

"ತಿನ್ನಲ್ಲ ಅಂದ್ಮೇಲೆ ಯಾಕೆ ಅಂಕಲ್ ಹಿಡೀತೀರಾ?" ಎಂದು ಒಮ್ಮೆ ಕೇಳಿದೆ.

"ನೀ ದಿನಾ ಆಫೀಸಿನ್ಯಾಗ ಮೀಟಿಂಗ್ ಮಾಡ್ತಿ. ಅದರಾಗ ತಿನ್ನಾಕ ಏನರ ಸಿಗ್ತೈತೇನವಾ?"

ಮೈಸೂರಿನವಳಾದ ನಾನು ಆ ಧಾರವಾಡದ ಮಾತಿಗೆ ನಕ್ಕುಬಿಟ್ಟೆ.

ಈ ಮೀನಿಗೆ ಕಣ್ಣಿಗಿಂತ ಮೂಗು ಚುರುಕು. ನಾರುವುದೆಂದರೆ ಪ್ರಾಣ. ಅಂಗಡಿಯಲ್ಲಿ ಸಿಗುವ ಎರೆಯಲ್ಲಿ ಕೋಳಿಯ ಪಿತ್ತಜನಕಾಂಗ ಇರುತ್ತದೆ ಎಂದು ತಿಳಿದದ್ದೇ ತಡ, ಅಂಕಲ್ ಸ್ವಂತ ಸಂಶೋಧನೆಗೆ ಇಳಿದರು. ಮೈದಾ, ಚೀಸ್, ಬೆಳ್ಳುಳ್ಳಿ, ಮೇಲೆ ಒಂದು ಹಿಡಿ ಇಂಗು! ಚಪಾತಿ ಹಿಟ್ಟಿನ ಹದಕ್ಕೆ ನಾದಿ ಫ್ರಿಜ್‌ನಲ್ಲಿಟ್ಟರು. ಅದೇ ಸಂಜೆ ನಾವು ಅವರ ಮನೆಗೆ ಊಟಕ್ಕೆ ಹೋದೆವು. ಆಂಟಿ ಪಾಪ, ಹಿಟ್ಟು ಕಂಡರು, ಲಟ್ಟಿಸಿದರು, ಬೇಯಿಸಿದರು. ನನ್ನ ಗಂಡ, "ಆಂಟಿ, ಗಾರ್ಲಿಕ್ ನಾನ್ ಸೂಪರ್!" ಎಂದು ಇನ್ನೊಂದು ಹಾಕಿಸಿಕೊಂಡು ತಿಂದ. ಸಂಗತಿ ಬಯಲಾದಾಗ ಆಂಟಿ ತಲೆ ಚಚ್ಚಿಕೊಂಡರೆ, ಅಂಕಲ್ ಬೆರಗಾಗಿ ನನ್ನ ಗಂಡನನ್ನೇ ನೋಡುತ್ತಿದ್ದರು. "ಮೀನು ಸುದ್ದಾ ಇಷ್ಟು ಲಗೂನ ಬೀಳೂದಿಲ್ಲಪಾ!"

ಅಂದಿನಿಂದ ಎರೆಗೆ ಗ್ಯಾರೇಜಿನಲ್ಲಿ ಬೇರೆ ಫ್ರಿಜ್.

ಇನ್ನೊಂದು ದಿನ ನಾವಿಬ್ಬರೂ ಅವರ ಜೊತೆ ದಂಡೆಯಲ್ಲಿದ್ದಾಗ ಮೀನುಗಾರಿಕೆ ಪರವಾನಗಿ ನೋಡುವ ಅಧಿಕಾರಿ ಬಂದ. ಆರಡಿ ಎತ್ತರ, ಅಗಲ ಟೋಪಿ. ಪರವಾನಗಿ ಸರಿಯಿತ್ತು. ಆದರೂ, "ಕೂಲರ್ ಪೆಟ್ಟಿಗೆಯಲ್ಲಿ ಎಷ್ಟು ಮೀನಿದೆ? ತೆಗೀರಿ," ಎಂದ. ಅಂಕಲ್ ಗಂಭೀರವಾಗಿ ಮುಚ್ಚಳ ತೆಗೆದರು. ಮೊಸರನ್ನ, ಮಜ್ಜಿಗೆ, ಮಾವಿನಕಾಯಿ ಉಪ್ಪಿನಕಾಯಿ! ಅಧಿಕಾರಿ ಅದನ್ನು ನೋಡಿದ, ನಮ್ಮನ್ನು ನೋಡಿದ, ಪಕ್ಕದ ಎರೆಯ ಡಬ್ಬಿಗೆ ಮೂಗು ಒಡ್ಡಿದ. ಕೆಮ್ಮು ನಿಂತ ಮೇಲೆ ಕೇಳಿದ: "ಸರ್, ಇದನ್ನು ನೀರಿಗೆ ಹಾಕಿದರೆ ಮೀನು ಬರುತ್ತದೋ, ಓಡುತ್ತದೋ?"

ಅವನು ಅತ್ತ ಹೋಗುತ್ತಲೇ ಮೀನು ಬಂತು. ಉತ್ಸಾಹದಿಂದ ಕೈಹಾಕಿದ ನನ್ನ ಗಂಡನಿಗೆ ಅದರ ರೆಕ್ಕೆಯ ಮುಳ್ಳು ಚುಚ್ಚಿ ರಕ್ತ ಸುರಿಯಿತು. ಅಂಕಲ್ ಓಡಿ ಬಂದರು. ಮೀನನ್ನು ತಿರುವಿ ಮುರುವಿ ನೋಡಿ, "ಸದ್ಯ, ಇದಕ್ಕೇನೂ ಆಗಿಲ್ಲ," ಎಂದರು!

ಈಗ ನನ್ನ ಮಗಳು ಅವರನ್ನು 'ಫಿಶ್ ಅಜ್ಜ' ಎಂದು ಕರೆಯುತ್ತಾಳೆ. ಆದರೆ ನಾನು ಹೇಳಹೊರಟಿದ್ದು ಅವಳು ಹುಟ್ಟುವ ಮೊದಲಿನದು.

ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಬರುವವಳಿದ್ದಳು. ಬಂದ ವಾರಕ್ಕೇ ಸೀಮಂತ ಎಂದು ಅವಳೇ ದಿನ ಗೊತ್ತು ಮಾಡಿದ್ದಳು. ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಮತ್ತೆ ಏಳಲಿಲ್ಲ. ತುಂಬಿದ ಬಸುರಿ ವಿಮಾನ ಹತ್ತಕೂಡದು ಎಂದರು ಆಸ್ಪತ್ರೆಯ ಡಾಕ್ಟರು. ಅಮ್ಮನ ಮುಖವನ್ನು ಕೊನೆಯ ಸಲ ಫೋನಿನಲ್ಲೇ ನೋಡಿದೆ.

ಗೆಳತಿಯರು ಸಾರು, ಪಲ್ಯ ತಂದರು. ಎಲ್ಲರದೂ ಒಂದೇ ಮಾತು: "ಅಳಬೇಡ ಕಣೆ, ಮಗುಗೆ ಒಳ್ಳೇದಲ್ಲ." ನಾನು ಅಳಲಿಲ್ಲ. ತಿನ್ನಲೂ ಇಲ್ಲ.

ಒಂದು ಬೆಳಿಗ್ಗೆ ಅಂಕಲ್ ಬಂದು, "ಏಳವಾ, ಕೆರಿಗೆ ಹೋಗೂಣು," ಎಂದರು. ಮರದ ನೆರಳಲ್ಲಿ ಕುರ್ಚಿ ಹಾಕಿ, ಗಾಳದ ಕೋಲನ್ನು ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತರು. ನೀರನ್ನೇ ನೋಡುತ್ತ ಹೇಳಿದರು: "ಅಳೂದಿದ್ರ ಅಳು. ಇಲ್ಲಿ ಮೀನಕ್ಕ ಕನ್ನಡ ಬರೂದಿಲ್ಲ."

ಅತ್ತೆ. ಟೆಕ್ಸಸ್ಸಿನ ಆ ಕೆರೆಯ ದಂಡೆಯಲ್ಲಿ, "ಅಮ್ಮಾ" ಎಂದು ಬಾಯಿಬಿಟ್ಟು ಅತ್ತೆ. ಅಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿತು!

"ಬಿಡಬ್ಯಾಡ! ಎಳೀಬ್ಯಾಡ!" ಅಂಕಲ್ ಕೂಗಿದರು.

"ಎರಡೂ ಬೇಡ ಅಂದ್ರೆ ಏನ್ ಮಾಡ್ಲಿ ಅಂಕಲ್?"

ಮೂಗು ಸುರಿಯುತ್ತಿದ್ದಂತೆಯೇ ನಗು ಬಂದುಬಿಟ್ಟಿತು. ಇಬ್ಬರೂ ಸೇರಿ ದಡಕ್ಕೆ ತಂದೆವು. ಮೀನಿನ ಹೊಟ್ಟೆ ಗುಂಡಗೆ ಉಬ್ಬಿತ್ತು. "ಇದೂ ಬಸುರಿ ನೋಡವಾ," ಎಂದವರು, ಒದ್ದೆ ಕೈಯಲ್ಲಿ ಗಾಳ ಬಿಡಿಸಿ, ಮಗುವನ್ನು ಮಲಗಿಸುವಂತೆ ನೀರಿಗೆ ಬಿಟ್ಟರು. ಅಂದು ಅವರ ಮೊಸರನ್ನವನ್ನು ಪೂರ್ತಿ ತಿಂದವಳು ನಾನೇ.

ಅಮ್ಮ ಗೊತ್ತು ಮಾಡಿದ್ದ ಸೀಮಂತದ ದಿನ ಬಂತು. ನಾವು ಅದನ್ನು ಆಗಲೇ ಕೈಬಿಟ್ಟಿದ್ದೆವು. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಂಕಲ್! ಕೈಯಲ್ಲಿ ಅಂಗಡಿಯ ಚೀಟಿಯನ್ನೂ ಕೀಳದ ಹೊಚ್ಚ ಹೊಸ ಬಕೆಟ್ಟು, ಅದರ ತುಂಬ ಅಕ್ಕಿ. ಮೇಲೆ ತೆಂಗಿನಕಾಯಿ, ಬೆಲ್ಲದಚ್ಚು, ವೀಳ್ಯದೆಲೆ, ಕುಪ್ಪಸದ ಖಣ, ಹಸಿರು ಗಾಜಿನ ಬಳೆ.

"ಅಂಕಲ್, ಮಡಿಲು ತುಂಬೋದು ಹೆಂಗಸರಲ್ವಾ?"

"ಗೊತ್ತೈತಿ. ನಮ್ಮನಿ ಹೆಂಗಸರು ಹ್ಯೂಸ್ಟನ್ನಿನ್ಯಾಗ ಮಗಳ ಮನ್ಯಾಗ ಅದಾರ. ನಾ ಇಲ್ಲಿ ಅದೀನಿ."

ಜೇಬಿನ ಫೋನಿನಿಂದ ಆಂಟಿಯ ದನಿ ಬಂತು: "ಮೊದಲ ಆಕಿಗೆ ಸೀರಿ ಉಟ್ಕೊಂಡು ಬಾ ಅನ್ರಿ!"

ಉಟ್ಟು ಬಂದೆ. ನನ್ನ ಗಂಡ ಕುರ್ಚಿ ಹಾಕಿದ. ಬಾತ ನನ್ನ ಕೈಗೆ ಬಳೆ ಏರಲೇ ಇಲ್ಲ. "ಕೈಗೆ ಸೂಜಿ ಹಾಕಿ ರೂಢಿ ಐತಿ, ಬಳಿ ಹಾಕಿ ಇಲ್ಲ," ಎಂದು ಅಂಕಲ್ ಬೆವರಿದರು. ಕೊನೆಗೆ ಬಳೆಗಳನ್ನು ನನ್ನ ಸೆರಗಿನಲ್ಲೇ ಇಟ್ಟು, ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದರು. ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ.

"ತವರ ಮನಿಯಿಂದ ಬಂದೈತಿ ಅಂತ ತಿಳ್ಕೋ ಮಗಳ," ಎಂದರು.

ಬಗ್ಗಿ ನಮಸ್ಕರಿಸಲು ಹೊಟ್ಟೆ ಬಿಡಲಿಲ್ಲ. ಅಂಕಲ್ ಮಂಡಿಯೂರಿ, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯತೊಡಗಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಆತೇನ್ರಿ?" ಫೋನಿನಲ್ಲಿ ಆಂಟಿ ಕೇಳಿದರು. "ಹುಡುಗಿ ಅಳಾಕತ್ತಾಳೇನು?"

"ಇಲ್ಲ," ಎಂದರು ಅಂಕಲ್. "ನಾ ಅಳಾಕತ್ತೀನಿ."