ಕಡ ತಂದ ಕುಂಕುಮದ ಕ್ರಿಸ್ಮಸ್ ಕರೆ

ಪಕ್ಕದ ಮನೆಯವರನ್ನು ಕ್ರಿಸ್ಮಸ್ಸಿಗೆ ಚರ್ಚಿಗೆ ಕರೆಯುವುದೂ ಒಂದು ಕೆಲಸವೇ? ಮೈಸೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್‌ಗೆ ಫಸ್ಟ್ ಪ್ರೈಜ್ ತೆಗೆದುಕೊಂಡಿದ್ದವಳು ನಾನು. ಇಂಗ್ಲಿಷ್ ಪದ್ಯ ಹೇಳಿ ಬಿಷಪ್ಪರಿಂದಲೇ ಚಪ್ಪಾಳೆ ತಟ್ಟಿಸಿದ್ದೆ. ಹಾಗಾಗಿ ಕೊಳ್ಳೇಗಾಲದ ನಮ್ಮ ಪುಟ್ಟ ಚರ್ಚಿನಲ್ಲಿ ಫಾದರ್, "ಈ ಸಲ ಹಬ್ಬಕ್ಕೆ ನೆರೆಮನೆಯವರನ್ನು ಯಾರು ಕರೆತರುತ್ತೀರಿ?" ಎಂದಾಗ ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ನನ್ನದು. ಎಲ್ಲರಿಗಿಂತ ಮೊದಲು ತಗ್ಗಿದ ತಲೆ ನಮ್ಮ ಯಜಮಾನರದು!

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿನಿಂದ ಬಂದ ನನಗೆ ಅದು ಫಾರಿನ್ನೇ. ಮಗ್ಗದವರ ಬೀದಿಯಲ್ಲಿ ನಮ್ಮದೊಂದೇ ಕ್ರಿಶ್ಚಿಯನ್ ಮನೆ. ಪಕ್ಕದಲ್ಲಿ ರೇಷ್ಮೆ ಸೀರೆ ನೇಯುವ ಚೆನ್ನಾಜಮ್ಮ, ಆಕೆಯ ಅತ್ತೆ ಸಿದ್ದಮ್ಮಜ್ಜಿ. ನನಗೆ ಒಲೆ ಹಚ್ಚಲು ಕಲಿಸಿದವಳೇ ಚೆನ್ನಾಜಮ್ಮ. ಕಾನ್ವೆಂಟಿನಲ್ಲಿ ಎಂಬ್ರಾಯ್ಡರಿ ಕಲಿಸಿದ್ದರು, ಒಲೆಯಲ್ಲ! ಆ ಊರಿನಲ್ಲಿ ನನಗಿದ್ದ ಗೆಳತಿ ಆಕೆಯೊಬ್ಬಳೇ.

ಹಬ್ಬಕ್ಕೆ ಕರೆಯಲೆಂದು ಅವರ ಹೊಸ್ತಿಲು ದಾಟಿದ ಮೇಲೆ ಭಯ ಶುರುವಾಯಿತು. 'ನಮ್ಮ ಜಾತಿ ಕೆಡಿಸೋಕೆ ಬಂದಳು' ಎಂದುಕೊಂಡು ಬಾಗಿಲು ಹಾಕಿಬಿಟ್ಟರೆ? ನಾಳೆಯಿಂದ ನಾನು ಯಾರ ಹತ್ತಿರ ಮಾತನಾಡಲಿ?

"ಯಾಕವ್ವ, ಏನೋ ಏಳಕ್ ಬಂದಂಗದೆ?" ಎಂದಳು ಚೆನ್ನಾಜಮ್ಮ, ಲಾಳಿ ನಿಲ್ಲಿಸಿ.

"ಅಕ್ಕ... ಒಂದು ಜರಡಿ ಕೊಡ್ತೀರಾ?"

ಜರಡಿ ತಂದೆ. ಮಾರನೆಯ ದಿನ ಮತ್ತೆ ಹೋಗಿ ಮೊರ ತಂದೆ. ಆಮೇಲೆ ಕಡಗೋಲು. ನಮ್ಮ ಮನೆಯಲ್ಲಿ ಮೊಸರೇ ಇರಲಿಲ್ಲ!

"ಕರೆದ್ಯಾ ರೋಸಿ?" ಎಂದರು ಯಜಮಾನರು. ನಾನು ಕಡಗೋಲು ತೋರಿಸಿದೆ.

"ಒಳ್ಳೇ ಪ್ಲಾನು! ಹಬ್ಬದ ಹೊತ್ತಿಗೆ ಅವರ ಅಡುಗೆಮನೆಯೆಲ್ಲ ಇಲ್ಲಿಗೇ ಬಂದಿರುತ್ತೆ. ಅದನ್ನ ಹುಡುಕಿಕೊಂಡು ಅವರೂ ಬರಲೇಬೇಕು." ನಕ್ಕು ಸುಸ್ತಾದ ಮೇಲೆ, "ಈ ಬೀದೀಲಿ ಬರೀ ಬಾಯಲ್ಲಿ ಕರೆದರೆ ಕರೆದ ಹಾಗಲ್ಲ ಕಣೇ. ಹಣೆಗೆ ಕುಂಕುಮ ಇಟ್ಟು ಕರೀಬೇಕು" ಎಂದರು.

ಅಷ್ಟೇ ತಾನೆ! ಹಾಗಾದರೆ ಅರ್ಧ ಸ್ಪೀಚನ್ನು ಕುಂಕುಮವೇ ಮಾಡುತ್ತದೆ. ನನ್ನ ಕಾನ್ಫಿಡೆನ್ಸ್ ವಾಪಸು ಬಂತು. ತೊಡಕು ಒಂದೇ, ನಮ್ಮ ಮನೆಯಲ್ಲಿ ಕುಂಕುಮವಿರಲಿಲ್ಲ. ಇಲ್ಲದ್ದನ್ನು ತರಲು ನನಗೆ ಗೊತ್ತಿದ್ದದ್ದೂ ಒಂದೇ ಮನೆ!

"ಅಕ್ಕ, ಒಂಚೂರು ಕುಂಕುಮ ಕೊಡ್ತೀರಾ?"

ಚೆನ್ನಾಜಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದ ಅಜ್ಜಿ, "ಜರಡಿ ಆಯ್ತು, ಮೊರ ಆಯ್ತು, ಈಗ ಕುಂಕುಮನಾ? ಕೊಟ್ಬುಡಮ್ಮಿ, ಇಲ್ದಿದ್ರೆ ನಾಳೆ ಮಗ್ಗ ಕೇಳ್ತಳೆ" ಎಂದಳು.

ಭರಣಿ ಇಸಿದುಕೊಂಡು ಘನಗಂಭೀರವಾಗಿ ಹೊರಗೆ ಹೋದೆ. ಹೊಸ್ತಿಲಾಚೆ ತಿರುಗಿ, ಈಗ ತಾನೇ ಬಂದವಳಂತೆ ಮತ್ತೆ ಒಳಗೆ ಬಂದೆ. ನರ್ವಸ್ಸಾಗಿ ಕಣ್ಣು ಮುಚ್ಚಿಕೊಂಡು ಚೆನ್ನಾಜಮ್ಮನ ಹಣೆಗೆ ಕುಂಕುಮ ಒತ್ತಿದೆ. ಅದೇ ರಭಸದಲ್ಲಿ ಪಕ್ಕಕ್ಕೆ ತಿರುಗಿ ಅಜ್ಜಿಯ ಹಣೆಗೂ ಒತ್ತಿದೆ. "ನಾಡಿದ್ದು ಮಗು ಹುಟ್ಟುತ್ತೆ, ಇಬ್ಬರೂ ನೋಡೋಕೆ ಬರಬೇಕು!" ಎಂದು ಒಂದೇ ಉಸಿರಿಗೆ ಒದರಿದೆ.

ಕಣ್ಣು ಬಿಟ್ಟೆ. ಗುಡ್ ಗಾಡ್! ಅಜ್ಜಿ ಗಂಡನನ್ನು ಕಳೆದುಕೊಂಡವಳು. ವಿಭೂತಿ ಬಿಟ್ಟು ಬೇರೇನೂ ಕಾಣದ ಆ ಹಣೆಯ ಮೇಲೆ ರೂಪಾಯಿಯಗಲ ಕುಂಕುಮ! ಒಳಗೆ ಚೆನ್ನಾಜಮ್ಮನ ಗಂಡನ ಮಗ್ಗವೂ ಗಪ್ಪೆಂದು ನಿಂತಿತು.

"ಸಾರಿ ಅಜ್ಜಿ, ತಪ್ಪಾಯ್ತು..." ಎಂದು ಅಳುತ್ತಾ ಸೆರಗಿನಿಂದ ಒರೆಸಹೋದೆ. ಅದು ಹುಬ್ಬಿಗೂ ಹರಡಿತು!

ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಯಾರ್ಗಮ್ಮಿ ಮಗ?"

"ನಮ್ಮ... ಮರಿಯಮ್ಮನವರಿಗೆ. ಚರ್ಚಲ್ಲಿ."

"ಅಯ್ಯೋ, ನಿಮ್ ದ್ಯಾವ್ರು ಉಟ್ಟಿದ ಅಬ್ಬವಾ? ಅದ್ನ ಏಳಕ್ಕಾ ನಮ್ಮನೆ ಸಾಮಾನೆಲ್ಲ ಒತ್ಕಂಡ್ ಓದೆ?" ಚೆನ್ನಾಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಜ್ಜಿ ನಗಲಿಲ್ಲ. ನಿಧಾನವಾಗಿ ತಾನೇ ಹಣೆ ಒರೆಸಿಕೊಂಡಳು. "ಗಂಡ ಓದ್ಮೇಕೆ ನನ್ನ ಯಾರೂ ತೊಟ್ಲು ಶಾಸ್ತ್ರಕ್ಕೆ ಕರ್ದಿಲ್ಲ ಕಣಮ್ಮಿ. ಮುಂಡೆ ಮಕ ಕಂಡ್ರೆ ಮಗೀಗೆ ಆಗಲ್ಲ ಅಂತರೆ. ನಿಮ್ ಮಗೀಗೆ ಪರ್ವಾಗಿಲ್ವಾ?"

"ಪರವಾಗಿಲ್ಲ ಅಜ್ಜಿ."

"ಅಂಗಾರೆ ಬತ್ತೀನಿ."

ಬಂದಳು. ಸೊಸೆಗಿಂತ ಮುಂಚೆ ಬಂದು ಹೆಂಗಸರ ಮುಂದಿನ ಸಾಲಿನಲ್ಲಿ ಕೂತಳು. ಆಗೆಲ್ಲ ಪೂಜೆ ಲ್ಯಾಟಿನ್ನಿನಲ್ಲಿ. ನಾನು ಕಿವಿಯಲ್ಲಿ ಅರ್ಥ ಹೇಳಲು ಹೋದೆ.

"ಸುಮ್ಕಿರಮ್ಮಿ. ನಮ್ ಅಯ್ನೋರ್ ಮಂತ್ರನೂ ನಮ್ಗೆ ತಿಳಿಯಲ್ಲ. ತಿಳೀದಿದ್ರೇ ಭಕ್ತಿ."

ಒಳ್ಳೆಯದೇ ಆಯಿತು. ಲ್ಯಾಟಿನ್ ನನಗೂ ತಿಳಿಯುತ್ತಿರಲಿಲ್ಲ!

ಪೂಜೆ ಮುಗಿದೊಡನೆ ಅಜ್ಜಿ ಮಗುವನ್ನು ಮಲಗಿಸಿದ್ದ ಗೋದಲಿಯ ಹತ್ತಿರ ಹೋಗಿ, ಮಿಕ್ಕ ರೇಷ್ಮೆ ಬಟ್ಟೆಯಲ್ಲಿ ತಾನೇ ಹೊಲಿದು ತಂದಿದ್ದ ಕುಲಾವಿಯನ್ನು ಬಾಲಯೇಸುವಿನ ತಲೆಗೆ ಹಾಕಿ, ಗಟ್ಟಿಯಾಗಿ ಜೋಗುಳ ಶುರುಮಾಡಿದಳು. ಅದು ಮುಗಿಯುವವರೆಗೆ ಫಾದರ್ ಕೈಕಟ್ಟಿ ನಿಂತಿದ್ದರು. ಆ ರಾಗ ಈಗಲೂ ನನ್ನ ಕಿವಿಯಲ್ಲಿದೆ, ಮಾತು ಮರೆತುಹೋಗಿದೆ. ಆಮೇಲೆ ಫಾದರ್, "ರೋಸಿಯಂಥ ಧೈರ್ಯ ಎಲ್ಲರಿಗೂ ಬರಲಿ" ಎಂದರು. ಯಜಮಾನರಿಗೆ ಇದ್ದಕ್ಕಿದ್ದಂತೆ ಭಾರೀ ಕೆಮ್ಮು!

ಮುಂದಿನ ವರ್ಷ ನಾನು ಹೆದರಲೇ ಇಲ್ಲ. ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿ, ಒಳ್ಳೆಯ ಸೀರೆಯುಟ್ಟು ಹೊರಡುವಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ. ಅವಳ ಹಿಂದೆ ಬೀದಿಯ ಮುದುಕಿಯರ ದಂಡು.

"ನಾಡಿದ್ದು ಕ್ರಿಸ್ಮಸ್ಸು ಕಣಮ್ಮಿ. ಬೀದಿಗೆಲ್ಲ ಏಳ್ಕಂಡ್ ಬತ್ತಾ ಇವ್ನಿ. ನೀನೂ ಗಂಡನ್ನ ಕರ್ಕಂಡ್ ಬಂದ್ಬುಡು. ತಡವಾದ್ರೆ ಮುಂದ್ಗಡೆ ಜಾಗ ಸಿಕ್ಕಲ್ಲ."

"ಥ್ಯಾಂಕ್ಯೂ ಅಜ್ಜಿ, ಖಂಡಿತ ಬರ್ತೀವಿ" ಎಂದೆ.

ಹೋದೆವು. ಜಾಗ ಹಿಂದುಗಡೆಯೇ ಸಿಕ್ಕಿತು.