ಬದಲಾಗದ 213 ಫೈಲುಗಳನ್ನು ಕಮಿಟ್‌ಗೆ ಕರೆಯದಿರುವ ಬಗ್ಗೆ

ಸಂಖ್ಯೆ: ಬಸಫ/ಕೋಡ್/ಸುತ್ತೋಲೆ/214ರಲ್ಲಿ 1
ಬಸ್ ಸಮಯ ಫಲಕ ವಿಭಾಗ, ಕುಂದಾಪುರ
ಗುರುವಾರ, ಊಟಕ್ಕೆ ಮೊದಲು

ವಿಷಯ: ಬದಲಾಗದ ಫೈಲುಗಳನ್ನು ಕಮಿಟ್‌ಗೆ ಸೇರಿಸುತ್ತಿರುವ ಕುರಿತು.
ಉಲ್ಲೇಖ: ಮೀನು ಮಾರುವ ಶ್ರೀಮತಿ ಜಲಜ ಇವರ ಮೌಖಿಕ ದೂರು (ಕಿಟಕಿಯ ಹೊರಗಿನಿಂದ, ಮೂರು ದಿನ).

ವಂಡ್ಸೆ ಬಸ್ಸು ಇನ್ನು 7.25ರ ಬದಲು 7.10ಕ್ಕೇ ಹೊರಡುವುದೆಂದು ಸೋಮವಾರ ತಿಳಿದುಬಂದಿತ್ತು. ನಿಲ್ದಾಣದ ಫಲಕವನ್ನು ಸರಿಪಡಿಸಲು ಒಂದು ಫೈಲಿನ ಒಂದು ಸಾಲು ಬದಲಿಸಿದರೆ ಸಾಕಿತ್ತು. ಪ್ರೋಗ್ರಾಮರ್ ಶ್ರೀ ಸುಜಯ್ ಇವರು ಆ ಸಾಲನ್ನು ಸರಿಯಾಗಿಯೇ ಬದಲಿಸಿದ್ದಾರೆ. ಆದರೆ ಕಮಿಟ್ ಮಾಡುವಾಗ, ಅಂದರೆ ತಿದ್ದಿದ್ದನ್ನು ದಾಖಲೆಗೆ ಸೇರಿಸುವಾಗ, ಬದಲಾಗದ 213 ಫೈಲುಗಳ ಕೊನೆಗೂ ಒಂದೊಂದು ಸ್ಪೇಸ್ ಒತ್ತಿ ಜೊತೆಗೆ ತಂದಿರುವುದು ಕಂಡುಬಂದಿದೆ. ವಿವರಣೆ ಕೇಳಲಾಗಿ, "ಒಂದ್ ಮನಿಗ್ ಊಟಕ್ಕ್ ಹೇಳಿ ಆಚಿಮನಿ ಬಿಟ್ರೆ ಬೇಜಾರ್ ಆತ್ತಲೆ ಬೆಳ್ಳಿಯಮ್ಮ. ಬರಿಗೈಯಗ್ ಬಪ್ಪುದ್ ಹ್ಯಾಂಗೆ? ಅದ್ಕೆ ಒಂದೊಂದ್ ಸ್ಪೇಸ್ ಕೊಟ್ಟ್ ಕಳ್ಸ್ದೆ" ಎಂದಿದ್ದಾರೆ.

ಬಂದ ಫೈಲನ್ನೆಲ್ಲ ಓದಿಯೇ ಒಪ್ಪಿಗೆ ಕೊಡತಕ್ಕದ್ದೆಂಬ ನಿಯಮವಿರುವುದರಿಂದ ಕೆಳಗೆ ಸಹಿ ಮಾಡಿದವರು ಇಂದಿಗೂ ಓದುತ್ತಿದ್ದು, 188ನೆಯ ಫೈಲಿನಲ್ಲಿರುತ್ತಾರೆ. ಅತ್ತ ಇನ್ನೂ 7.25 ಎಂದೇ ತೋರಿಸುತ್ತಿರುವ ಫಲಕವನ್ನು ನಂಬಿದ ಶ್ರೀಮತಿ ಜಲಜ ಮೂರು ಬೆಳಿಗ್ಗೆ ಬಸ್ಸು ತಪ್ಪಿಸಿಕೊಂಡು, "ಬಸ್ ಹೋಯಿ ಕಾಲ್ ಗಂಟಿ ಆಯ್ತ್. ಬಂಗಡಿ ಮೀನ್ ನಿಮ್ ಬೋರ್ಡಿಗೇ ಕೊಡ್ಕಾ?" ಎಂದು ಕೇಳಿರುತ್ತಾರೆ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಬದಲಾದ ಫೈಲು ಮಾತ್ರ ಕಮಿಟ್‌ಗೆ ಬರತಕ್ಕದ್ದು. ಬದಲಾಗದ್ದು ಇದ್ದಲ್ಲೇ ಇರಲಿ. ಅದರ ಹಿಂದಿನ ಪ್ರತಿ ಭದ್ರವಾಗಿದೆ, ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

2. ತೆರೆದು ನೋಡಿ ಮುಚ್ಚಿದ್ದು ಬದಲಾವಣೆಯಲ್ಲ. ನಿಟ್ಟುಸಿರು ಬಿಟ್ಟು ಮುಚ್ಚಿದ್ದೂ ಅಲ್ಲ.

3. ಫೈಲುಗಳ ಕೈಯಲ್ಲಿ ಸ್ಪೇಸ್, ಖಾಲಿ ಸಾಲು, ವೀಳ್ಯ ಮುಂತಾದವನ್ನು ಕೊಟ್ಟು ಕಳಿಸುವುದನ್ನು ನಿಷೇಧಿಸಲಾಗಿದೆ.

4. ಕರೆಯಲಿಲ್ಲವೆಂದು ಮುನಿಸಿಕೊಂಡ ಫೈಲು ತನ್ನೊಳಗೇ ಮನವಿ ಬರೆದುಕೊಳ್ಳಬಹುದು. ಬರೆದ ಕೂಡಲೇ ಅದು ಬದಲಾದ ಫೈಲಾಗುವುದರಿಂದ ಕಲಂ 1ರಂತೆ ಕರೆಯಲಾಗುವುದು. ಆಗ ಮುನಿಸಿಗೆ ಕಾರಣವಿಲ್ಲದ ಕಾರಣ ಮನವಿಯನ್ನು ಅಳಿಸಿ, ಫೈಲನ್ನು ವಾಪಸು ಕಳಿಸಲಾಗುವುದು.

5. ಹತ್ತು ವರ್ಷದಿಂದ ಒಂದಕ್ಷರವೂ ಬದಲಾಗದ ಫೈಲುಗಳನ್ನು ಹಿರಿಯರೆಂದು ಪರಿಗಣಿಸಲಾಗಿದೆ. ಅವುಗಳ ಫೋಲ್ಡರಿಗೆ ಚಪ್ಪಲಿ ಕಳಚಿಟ್ಟು ಹೋಗತಕ್ಕದ್ದು.

6. ಇನ್ನೊಬ್ಬ ಪ್ರೋಗ್ರಾಮರ್ ಶ್ರೀ ಯೋಗೀಶ್ ಇವರು ಕೆಲಸವಿಲ್ಲದ ದಿನ ಏನನ್ನೂ ಬದಲಿಸದೆ "ಬಂದ್ ಹೋದೆ" ಎಂದು ಖಾಲಿ ಕಮಿಟ್ ಮಾಡುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಬಾಗಿಲಲ್ಲಿ ಇಣುಕಿ ಹೋದರೆ ಸಾಕು.

7. ಶ್ರೀ ಸುಜಯ್ ಇವರು ಇಂದು ಸಂಜೆ ನಾಲ್ಕರೊಳಗೆ ಆ ಒಂದೇ ಫೈಲನ್ನು, ಒಂಟಿಯಾಗಿ, ತರತಕ್ಕದ್ದು. ಜೊತೆಗೆ ಇನ್ನೊಂದು ಬಂದಲ್ಲಿ, ನಾಳೆ ಬೆಳಿಗ್ಗೆ ಶ್ರೀಮತಿ ಜಲಜ ಬುಟ್ಟಿ ಸಮೇತ ಹತ್ತುವ ತನಕ ವಂಡ್ಸೆ ಬಸ್ಸಿನ ಎದುರು ಸ್ವತಃ ಅಡ್ಡ ನಿಲ್ಲತಕ್ಕದ್ದು.

ಸಹಿ/-
ಬೆಳ್ಳಿ
ಹಿರಿಯ ಪರಿಶೀಲಕಿ

ಪ್ರತಿಗಳು:
1. ಶ್ರೀ ಸುಜಯ್ ಇವರಿಗೆ. (3.50: ಫೈಲು ಬಂದಿದೆ. ಒಂದೇ. ಓದಿ ಒಪ್ಪಲಾಗಿದೆ. ಫಲಕ 7.10 ತೋರಿಸುತ್ತಿದೆ.)
2. ವಂಡ್ಸೆ ಬಸ್ಸಿನ ಕಂಡಕ್ಟರ್ ಶ್ರೀ ಭೋಜ ಇವರಿಗೆ, ಯಾರೂ ಅಡ್ಡ ನಿಲ್ಲುವುದಿಲ್ಲವೆಂಬ ಮಾಹಿತಿಗಾಗಿ.
3. ಬದಲಾಗದ 213 ಫೈಲುಗಳಿಗೆ: ಕಳಿಸಿಲ್ಲ.
4. ಶ್ರೀಮತಿ ಜಲಜ ಇವರಿಗೆ, ಬದಲಾದ ಸಾಲು ಮಾತ್ರ. ವಾಪಸು ಬರುವಾಗ ಬಂಗಡೆ ಉಳಿದಿದ್ದಲ್ಲಿ, ಮೇಲೆ ಸಹಿ ಮಾಡಿದವರಿಗೆ ಮಾತ್ರ ಕೊಟ್ಟು ಉಳಿದ ಸಿಬ್ಬಂದಿಯನ್ನು ಬಿಟ್ಟರೂ ಯಾರಿಗೂ ಬೇಜಾರಾಗುವುದಿಲ್ಲವೆಂದು ದೃಢೀಕರಿಸಲಾಗಿದೆ.